ಪ್ರೆಸ್ ಬೀಳುವ ಜಾಗದಲ್ಲಿ ಹಾಡಬಾರದು

ಶರಣಮ್ಮನ ದನಿಯ ಬಗ್ಗೆ ನಾಗಸಂದ್ರದಲ್ಲಿ ಮೂರು ಕಥೆಗಳಿವೆ. ಅವುಗಳಲ್ಲಿ ಒಂದು ಸುಳ್ಳು. ಯಾವುದು ಅಂತ ಯಾರಿಗೂ ಗೊತ್ತಿಲ್ಲದ ಕಾರಣ ಮೂರನ್ನೂ ನಂಬುವುದು ವಾಡಿಕೆ.

ಮೊದಲನೆಯದು, ಅವಳು ತಾರಸಿಯ ಮೇಲೆ ಬಟ್ಟೆ ಒಣಗಿಸುತ್ತಾ ಹಾಡುತ್ತಿದ್ದಾಗ ತುಮಕೂರು ರಸ್ತೆಯಲ್ಲಿ ಹೋಗುತ್ತಿದ್ದ ಲಾರಿಯವನು ಹಿಂದಿನಿಂದ ಯಾರೋ ಹಾರನ್ ಹೊಡೆದರು ಅಂದುಕೊಂಡು ಪಕ್ಕಕ್ಕೆ ಸರಿದು ದಾರಿ ಬಿಟ್ಟನಂತೆ. ಎರಡನೆಯದು, ಮೆಟ್ರೋ ಓಡಿಸುವವನು ಅವಳ ಒಂದು ನುಡಿ ಮುಗಿಯುವ ತನಕ ಬಾಗಿಲು ಹಾಕದೆ ನಿಂತಿದ್ದನಂತೆ. ಮೂರನೆಯದು ಮನೆಯ ಮಾಲೀಕ ರಾಮಾಂಜಿನಪ್ಪನದು. ಶರಣಮ್ಮ ಬಾಡಿಗೆಗೆ ಬಂದ ತಿಂಗಳೊಳಗೆ ತನ್ನ ನಾಯಿ ಬೊಗಳುವುದನ್ನು ಬಿಟ್ಟುಬಿಟ್ಟಿತು ಅಂತ ಅವನು ಯಾರ ಮುಂದೆ ಬೇಕಾದರೂ ಆಣೆ ಮಾಡುತ್ತಾನೆ. ನಾಯಿಯನ್ನು ಕೇಳಿದವರಿಲ್ಲ.

ಶರಣಮ್ಮ ಕುಷ್ಟಗಿ ಕಡೆಯವಳು. ಪೀಣ್ಯದ ಒಂದು ಶೆಡ್ಡಿನಲ್ಲಿ ಹದಿನಾರು ವರ್ಷದಿಂದ ಪವರ್ ಪ್ರೆಸ್ ಮುಂದೆ ಕೂತವಳು. ತಗಡಿನ ತುಂಡು ಇಡಬೇಕು, ಕೈ ತೆಗೆಯಬೇಕು, ಪೆಡಲ್ ಒತ್ತಬೇಕು. ಧಡ್ ಅಂತ ಪ್ರೆಸ್ ಬೀಳುತ್ತದೆ, ತಗಡು ಹೋಗಿ ಫ್ಯಾನಿನ ಕ್ಲಾಂಪು ಬರುತ್ತದೆ. ಮತ್ತೆ ತುಂಡು, ಮತ್ತೆ ಧಡ್. ಅವಳು ಇಲ್ಲಿಯವರೆಗೆ ಒತ್ತಿದ ಕ್ಲಾಂಪುಗಳನ್ನು ಸಾಲಾಗಿ ಇಟ್ಟರೆ ಚಂದ್ರಲೋಕಕ್ಕೆ ಹೋಗಿ ಅಲ್ಲಿಂದ ಮಾಕಳಿವರೆಗೆ ವಾಪಸ್ ಬರಬಹುದು ಎಂದು ಅವಳ ಗಂಡ ಈಶಪ್ಪನ ಲೆಕ್ಕ.

ಕೂತಷ್ಟು ಹೊತ್ತೂ ಅವಳು ಹಾಡುತ್ತಿದ್ದಳು. ಅವ್ವ ಸಿದ್ದಕ್ಕನಿಂದ ಕಲಿತ ಭಜನೆಯ ಪದಗಳೇ ಇನ್ನೂರರ ಮೇಲಿದ್ದವು. ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಹೊರಗಿನಿಂದ ಪರೀಕ್ಷೆ ಕಟ್ಟಿ ಪಿಯುಸಿ ಪಾಸಾದ ಮೇಲೆ, ಯೂನಿವರ್ಸಿಟಿಯಲ್ಲಿ ಸಂಗೀತದ ಡಿಗ್ರಿ ಇದೆ, ಹಾಡಿ ತೋರಿಸಿದರೆ ಸೀಟು ಕೊಡುತ್ತಾರೆ ಅಂತ ಗೊತ್ತಾಯಿತು. ಅರ್ಜಿ ಹಾಕಿದಳು. ತರಗತಿ ಬೆಳಗಿನ ಹೊತ್ತು ಅಂತ ತಿಳಿದುಕೊಂಡು, ಸೀಟು ಸಿಗುವ ಮೊದಲೇ ಸೂಪರ್‌ವೈಸರ್ ಲೋಕೇಶನ ಹತ್ತಿರ ಹೋಗಿ ಸೆಕೆಂಡ್ ಶಿಫ್ಟ್ ಕೇಳಿದಳು.

"ಸೀಟ್ ಸಿಕ್ಕಿದ್ ಮೇಲೆ ಬಾ ಅಕ್ಕ" ಅಂದ ಲೋಕೇಶ.

"ಸಿಕ್ಕ ಮ್ಯಾಲ ಕೇಳಿದ್ರ ನೀ ಇಲ್ಲ ಅಂತಿ. ಈಗ ಹೆಂಗೂ ಸಿಗೂದಿಲ್ಲ ಅಂತ ತಿಳಿದು ಹ್ಞೂಂ ಅಂತಿ. ಅದಕ್ಕ ಈಗ ಬಂದೀನಿ."

ಲೋಕೇಶ ಹ್ಞೂಂ ಅಂದ.

ಆಡಿಷನ್ ದಿನ ಬೆಳಿಗ್ಗೆ ರಾಮಾಂಜಿನಪ್ಪ ಗೇಟಿನ ಹತ್ತಿರ ಕಾದು ನಿಂತಿದ್ದ.

"ಏನಮ್ಮೋ, ಕಾಲೇಜು ಹುಡುಗಿ. ಅಲ್ಲಿ ಇರೋರೆಲ್ಲ ಹದಿನೆಂಟು ವರ್ಷದೋರು ಕಣಮ್ಮ. ನಿನ್ನ ನೋಡಿ ಎದ್ದು ನಿಂತ್ಕೊಂಡು ಗುಡ್ ಮಾರ್ನಿಂಗ್ ಮಿಸ್ ಅಂತಾರೆ."

"ಅಂದ್ರ ಕುಂದರ್ರಿ ಅಂತೀನಿ" ಎಂದಳು ಶರಣಮ್ಮ.

ಈಶಪ್ಪ ಮೆಟ್ರೋ ಮೆಟ್ಟಿಲಿನವರೆಗೆ ಬಂದು ಒಂದೇ ಬುದ್ಧಿಮಾತು ಹೇಳಿದ. "ಇಲ್ಲ ಅಂದ್ರ ಯಾಕ ಅಂತ ಕೇಳು. ಕೇಳದ ಎದ್ದು ಬರಬ್ಯಾಡ."

ಪರೀಕ್ಷೆಯ ಕೋಣೆಯಲ್ಲಿ ಇಬ್ಬರಿದ್ದರು. ಮುನಿಕೃಷ್ಣ ಸಾರ್ ವಿಭಾಗಕ್ಕೆ ಹಿರಿಯರು. ಪಕ್ಕದಲ್ಲಿ ವಯಸ್ಸಿನಲ್ಲಿ ಚಿಕ್ಕವರಾದ ದಿವ್ಯಾ ಮೇಡಂ. ಬೆಳಗಿನಿಂದ ಇಪ್ಪತ್ತು ಜನರ ಹಾಡು ಕೇಳಿ ಸಾರ್ ಮುಖ ಆರಿದ ಮುದ್ದೆಯಂತಾಗಿತ್ತು.

"ಶ್ರುತಿ ಎಷ್ಟಮ್ಮ ನಿಮ್ಮದು?" ಎಂದರು ಶ್ರುತಿಪೆಟ್ಟಿಗೆ ಹಿಡಿದು.

"ನಮ್ಮ ಶೆಡ್ಡಿನ ಕಂಪ್ರೆಸರ್ ಎಷ್ಟರಾಗ ಗುಂಯ್ಗುಡ್ತೈತೋ ಅಷ್ಟ್ರಿ. ನೀವು ತಿರುವುಕೋತ ಹೋಗ್ರಿ, ಬಂದ ಕೂಡ್ಲೆ ಹೇಳ್ತೀನಿ."

ಸಾರ್ ತಿರುಗಿಸುತ್ತಾ ಹೋದರು. "ಹಾಂ, ಇಲ್ಲಿ ಐತ್ರಿ" ಎಂದಳು. ದಿವ್ಯಾ ಮೇಡಂ ಮುಖ ಕೆಳಗೆ ಹಾಕಿ ನಗು ನುಂಗಿದರು.

ಶರಣಮ್ಮ ಕಣ್ಣು ಮುಚ್ಚಿ ಅವ್ವನ ಪದ ಎತ್ತಿದಳು. "ಮಣ್ಣಾಗ ಬಿದ್ದೀದ ಬೀಜ ಮುಗಿಲ ನೋಡ್ಯಾವ..." ಕಿಟಕಿಯ ಗಾಜು ಅದುರಿತು. ಕಾರಿಡಾರಿನಲ್ಲಿ ಸರದಿಗೆ ಕಾಯುತ್ತಿದ್ದವರ ಮಾತು ನಿಂತಿತು. ಸಾರ್ ಒರಗಿದ್ದವರು ನೆಟ್ಟಗೆ ಕೂತರು. ಸ್ವಲ್ಪ ಹೊತ್ತಿಗೆ ಅವರ ಹುಬ್ಬು ಗಂಟಿಕ್ಕಿತು. ಎರಡನೆಯ ನುಡಿಯ ನಡುವೆ ಕೈ ಎತ್ತಿದರು.

"ಸಾಕಮ್ಮ. ದನಿ ಚೆನ್ನಾಗಿದೆ. ಆದರೆ ಸಾಲಿನ ಮಧ್ಯೆ ಮಧ್ಯೆ ಹಾಡು ಕಡಿದು ಹೋಗ್ತಿದೆಯಲ್ಲ. ಬೀಜ ಅಂತೀರ, ಅಲ್ಲಿ ಏನೂ ಇಲ್ಲ, ಆಮೇಲೆ ಮುಗಿಲು. ಉಸಿರು ಸಾಲ್ದಾ?"

"ಉಸಿರು ಐತ್ರಿ."

"ಮತ್ತೆ ಯಾಕೆ ಅಲ್ಲಿ ನಿಲ್ಲಿಸ್ತೀರ?"

ಶರಣಮ್ಮನಿಗೆ ತಾನು ನಿಲ್ಲಿಸುತ್ತಿದ್ದೇನೆ ಅನ್ನುವುದೇ ಗೊತ್ತಿರಲಿಲ್ಲ. ಮನಸ್ಸಿನಲ್ಲೇ ಆ ಸಾಲನ್ನು ಹಾಡಿ ನೋಡಿದಳು. ಬಲಗಾಲಿನ ಹೆಬ್ಬೆರಳು ತಾನಾಗಿ ನೆಲ ಒತ್ತಿತು. ಆಗ ತಿಳಿಯಿತು.

"ಅಲ್ಲಿ ಪ್ರೆಸ್ ಬೀಳ್ತೈತ್ರಿ."

ಇಬ್ಬರಿಗೂ ಅರ್ಥವಾಗಲಿಲ್ಲ. ಅವಳು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, ಅವರ ಮೇಜಿನ ಮೇಲೆ ತಗಡು ಇಡುವುದು, ಕೈ ತೆಗೆಯುವುದು, ಪೆಡಲ್ ಒತ್ತುವುದು ಎಲ್ಲವನ್ನೂ ಮಾಡಿ ತೋರಿಸಿದಳು.

"ಹಾಡಕೋತ ತುಂಡು ಇಡ್ತೀನ್ರಿ. ಪ್ರೆಸ್ ಬೀಳೂ ಹೊತ್ತಿಗೆ ಬಾಯಿ ಮುಚ್ಚಿ ಕೈ ಹಿಂದಕ ತಗೀತೀನಿ. ಬಾಯಿ ಮುಚ್ಚಿತು ಅಂದ್ರ ಕೈ ಹೊರಗ ಅಂತ ಲೆಕ್ಕ. ನನ್ನ ಆಚಿ ಮಗ್ಗಲ ಕುಂದ್ರೂ ಬಸಮ್ಮಗ ಎರಡು ಬೆರಳು ಇಲ್ರಿ. ಈಚಿ ಮಗ್ಗಲ ನರಸಪ್ಪಗ ಒಂದು ಹೋಗೈತಿ. ಅವರು ಹಾಡಂಗಿಲ್ಲ." ಎರಡೂ ಕೈಯನ್ನು ಮೇಜಿನ ಮೇಲೆ ಅಗಲವಾಗಿ ಹರಡಿದಳು. "ನನ್ವು ಹತ್ತೂ ಅದಾವ್ರಿ. ಎಣಿಸ್ಕೋರಿ."

ದಿವ್ಯಾ ಮೇಡಂ ನಿಜವಾಗಿಯೂ ಎಣಿಸಿದರು.

ಮುನಿಕೃಷ್ಣ ಸಾರ್ ಗಂಟಲು ಸರಿಮಾಡಿಕೊಂಡರು. "ಅದು ಸರಿಯಮ್ಮ. ಕಷ್ಟಪಟ್ಟಿದೀರ. ಆದರೆ ಇದು ಡಿಗ್ರಿ. ತಾಳ ಹೀಗೆ ಕೈಕೊಟ್ಟರೆ ಆಗಲ್ಲ. ನಮ್ಮಲ್ಲಿ ಸರ್ಟಿಫಿಕೇಟ್ ಕೋರ್ಸ್ ಇದೆ, ಭಾನುವಾರ ಮಾತ್ರ. ಗೃಹಿಣಿಯರು, ರಿಟೈರ್ ಆದವರು ಬರ್ತಾರೆ. ಆರಾಮಾಗಿ ದೇವರನಾಮ ಕಲೀಬಹುದು."

"ನಾ ಆರಾಮಾಗಾಕ ಬಂದಿಲ್ರಿ. ಡಿಗ್ರಿಗೆ ಬಂದೀನಿ."

"ನಿಮ್ಮ ಒಳ್ಳೇದಕ್ಕೆ ಹೇಳ್ತಿದೀನಿ."

"ಹಂಗಂದ್ರ ಫಾರ್ಮಿನ ಮ್ಯಾಲ ಫೇಲ್ ಅಂತ ಬರೀರಿ. ಯಾಕ ಫೇಲ್ ಅಂತ್ಲೂ ಬರೀರಿ. ಓದಿಕೊಂಡು ಹೋಗ್ತೀನಿ."

ಸಾರ್ ಪೆನ್ನು ತೆಗೆದರು. 'ತಾಳದಲ್ಲಿ' ಅಂತ ಬರೆದರು. ಮುಂದಿನ ಪದಕ್ಕೆ ಪೆನ್ನು ಹೋಗುವಷ್ಟರಲ್ಲಿ ಶರಣಮ್ಮ ಅಂದಳು, "ತಪ್ಪು ಅಂತ ಬರಿಯೂ ಮುಂಚೆ ಒಂದು ಸಲ ಎಣಿಸಿ ನೋಡ್ರಿ ಸರ. ನಾ ಹಾಡ್ತೀನಿ, ಅಕ್ಕಾರು ತಾಳ ಹಾಕ್ಲಿ."

ಪರೀಕ್ಷೆ ಮಾಡುವವರಿಗೆ ತಾಳ ಹಾಕಿ ಅಂದ ಅಭ್ಯರ್ಥಿ ಆ ವಿಭಾಗ ಶುರುವಾದಾಗಿನಿಂದ ಬಂದಿರಲಿಲ್ಲವಂತೆ. ಸಾರ್ ಬಾಯಿ ತೆರೆಯುವ ಮೊದಲೇ ದಿವ್ಯಾ ಮೇಡಂ ತಾಳ ಹಾಕಲು ತಮ್ಮ ತೊಡೆಯ ಮೇಲೆ ಕೈ ಇಟ್ಟುಕೊಂಡಿದ್ದರು. ಎಂಟು ಎಣಿಕೆಯ ತಾಳ. ಶರಣಮ್ಮ ಮೊದಲಿನಿಂದ ಎತ್ತಿದಳು. ಏಳನೆಯ ಎಣಿಕೆಗೆ ಮೇಡಂ ಕೈ ಬಿದ್ದಾಗ ಅವಳ ಬಾಯಿ ಮುಚ್ಚಿತು. ಮುಂದಿನ ಸಾಲು, ಮತ್ತೆ ಏಳಕ್ಕೆ ಮೌನ. ಮೇಡಂ ಬೇಕಂತಲೇ ವೇಗ ಏರಿಸಿದರು. ಆಮೇಲೆ ಇಳಿಸಿದರು. ಮೌನ ಮಾತ್ರ ಏಳು ಬಿಟ್ಟು ಕದಲಲಿಲ್ಲ. ಐದು ನುಡಿ ಮುಗಿದವು.

"ಸಾರ್," ಎಂದರು ಮೇಡಂ, "ಒಂದು ಸಲಾನೂ ಜಾರಿಲ್ಲ."

"ಜಾರಿಲ್ಲ. ಆದರೆ ಆ ಜಾಗದಲ್ಲಿ ಸ್ವರ ಇರಬೇಕಲ್ಲ." ಸಾರ್ ಶರಣಮ್ಮನ ಕಡೆ ತಿರುಗಿದರು. "ಅಲ್ಲಿ ತುಂಬಿಸಿ ಹಾಡಿ ನೋಡೋಣ."

ಅವಳು ಪ್ರಯತ್ನಿಸಿದಳು. ಬೀಜ ಅಂದ ಮೇಲೆ ದನಿ ಎಳೆಯಲು ಹೋದಳು, ಭುಜ ಹಿಂದಕ್ಕೆ ಸರಿಯಿತು, ಬಾಯಿ ಮುಚ್ಚಿತು. ಇನ್ನೊಂದು ಸಲವೂ ಅಷ್ಟೇ. ಮೂರನೆಯ ಸಲ ಹಣೆಯಲ್ಲಿ ಬೆವರು ಕಂಡಿತು, ಸ್ವರ ಹೊರಡಲಿಲ್ಲ.

"ನೋಡಿದ್ರಾ" ಎಂದರು ಸಾರ್, ಮೆಲ್ಲಗೆ.

"ನೋಡಿದ್ನಿರಿ. ಬರಂಗಿಲ್ಲ. ಅದನ್ನ ಕಲಿಯಾಕ ಬಂದೀನಿ." ಶರಣಮ್ಮ ಸೆರಗಿನಿಂದ ಹಣೆ ಒರೆಸಿಕೊಂಡಳು. "ಎಲ್ಲಾ ಬಂದಿದ್ರ ನಿಮ್ಮ ಕುರ್ಚ್ಯಾಗ ನಾ ಕುಂದಿರ್ತಿದ್ದೆ, ನೀವು ಇಲ್ಲಿ ಹಾಡ್ತಿದ್ರಿ."

ಸಾರ್ ಶ್ರುತಿಪೆಟ್ಟಿಗೆ ಆರಿಸಿದರು. ಸಿಟ್ಟು ಬಂತೋ ನಗು ಬಂತೋ, ಎರಡೂ ಅವರ ಮುಖದಲ್ಲಿ ಒಂದೇ ಥರ ಕಾಣುತ್ತಿದ್ದವು. 'ತಾಳದಲ್ಲಿ' ಎಂದು ಬರೆದಿದ್ದರ ಮುಂದೆ 'ಗಟ್ಟಿ' ಅಂತ ಸೇರಿಸಿದರು. ಕೆಳಗೆ ಇನ್ನೊಂದು ಸಾಲು ಬರೆದು, ಸಹಿ ಹಾಕಿ, ಫಾರ್ಮನ್ನು ಅವಳ ಕಡೆ ತಳ್ಳಿದರು.

"ಸೀಟು ಕೊಟ್ಟಿದೀನಿ. ಒಂದು ಷರತ್ತಿದೆ. ಓದಿ ಸಹಿ ಮಾಡಿ."

ಶರಣಮ್ಮ ಪ್ರತಿ ಅಕ್ಷರದ ಮೇಲೂ ಬೆರಳಿಟ್ಟು ಓದಿದಳು. 'ಮೊದಲ ವರ್ಷ ಮುಗಿಯುವುದರೊಳಗೆ ಅಭ್ಯರ್ಥಿಯು ಇದೇ ಪದವನ್ನು ನಡುವೆ ನಿಲ್ಲಿಸದೆ ಹಾಡತಕ್ಕದ್ದು.' ಎರಡನೆಯ ಸಲ ಓದಿದಳು. ಆಮೇಲೆ ಪೆನ್ನು ಕೇಳಿ ಇಸಿದುಕೊಂಡಳು, ಆದರೆ ಸಹಿ ಮಾಡಲಿಲ್ಲ.

"ಏನಮ್ಮ, ಒಪ್ಪಿಗೆ ಇಲ್ವಾ?"

"ಒಪ್ಪಿಗಿ ಐತ್ರಿ. ಆದ್ರ ಮಧ್ಯಾಹ್ನ ಮೂರಕ್ಕ ನಾ ಶೆಡ್ಡಿಗೆ ಹೋಗಾಕಿ. ಅಲ್ಲಿ ನಿಮ್ಮ ಷರತ್ತು ನಡಿಯಂಗಿಲ್ಲ."

ಸಾರ್ ಬರೆದ ಸಾಲಿನ ಕೊನೆಗೆ 'ತರಗತಿಯಲ್ಲಿ ಮಾತ್ರ' ಎಂದು ದಪ್ಪಕ್ಷರದಲ್ಲಿ ಸೇರಿಸಿ, ಅದರ ಕೆಳಗೆ ಸಹಿ ಹಾಕಿದಳು.