ಇನ್ನೂರು ನಿಯಮಗಳ ನಾಗಲಕ್ಷ್ಮಿ

ಜನಪದ ಹಾಡುಗಳನ್ನು ಕೂಡಿಡುವ ಗುಂಡ್ಲುಪೇಟೆಯ ನಾಗಲಕ್ಷ್ಮಿಗೆ ಫೈಲಿನ ಹೆಸರು ತಿದ್ದುವವರನ್ನು ಕಂಡರೆ ಆಗುವುದಿಲ್ಲ. ಸುತ್ತಲ ಹಳ್ಳಿಯವರು ಸೋಬಾನೆ ಪದಗಳನ್ನು ಮೊಬೈಲಿನಲ್ಲಿ ರೆಕಾರ್ಡು ಮಾಡಿ, ಫೈಲಿಗೆ ಮನಬಂದ ಹೆಸರಿಟ್ಟು ಆಕೆಗೆ ಕಳಿಸುತ್ತಾರೆ. ಆ ಹೆಸರುಗಳಿಂದಲೇ ಊರು, ವರ್ಷ, ಹಾಡಿದವರನ್ನು ಹೆಕ್ಕುವ ಪ್ರೋಗ್ರಾಮಿಗೆ ಆಕೆ ಒಬ್ಬೊಬ್ಬರ ರೂಢಿಗೂ ಒಂದೊಂದು ನಿಯಮ ಬರೆದು ಸೇರಿಸುತ್ತಾಳೆ. ಸಂತೆಮರಹಳ್ಳಿಯವರು ವರ್ಷವನ್ನು ಹೆಸರಿನ ಬಾಲಕ್ಕೆ ಕಟ್ಟಿದರೆ ಅದಕ್ಕೊಂದು, ಯಾರೋ ‘ಇದೇ ಸರಿ, ಹಳೇದು ಅಳಿಸಿ’ ಎಂದು ನಡುವೆ ತುರುಕಿದರೆ ಅದನ್ನು ದಾಟಲು ಇನ್ನೊಂದು. ಎಲ್ಲರೂ ಒಂದೇ ಥರ ಬರೆಯಲಿ ಎಂದರೆ ರೇಗುತ್ತಾಳೆ: “ಅವ್ರ್ ಅಂಗೇ ಬರೀಲಿ ಬುಡಿ, ಕಲೀಬೇಕಾದ್ದು ಕಂಪ್ಯೂಟ್ರು!” ಇನ್ನೂರು ನಿಯಮಗಳಲ್ಲಿ ಮೊದಲನೆಯದು ತೆರಕಣಾಂಬಿಯ ಸೋಮಮ್ಮಜ್ಜಿಯದು, ಅಜ್ಜಿ ಪ್ರತಿ ಹೆಸರನ್ನೂ ‘ಕೇಳವ್ವ ನಾಗು’ ಎಂದೇ ಶುರುಮಾಡುತ್ತಿದ್ದಳು. ಅಜ್ಜಿ ತೀರಿಕೊಂಡು ಎರಡು ವರ್ಷವಾಯಿತು. ಇವತ್ತಿಗೂ ಯಾರ ಹಾಡು ಬಂದರೂ ಪ್ರೋಗ್ರಾಂ ಮೊದಲು ಹುಡುಕುವುದು ಆ ಎರಡು ಪದಗಳನ್ನೇ.