ಭೀಮಸೇನರಾಯರ ‘ಹೌದು’

ಮಣಿನಗರದ ಭೀಮಸೇನರಾಯರಿಗೆ ಹಾವಿನ ಭಯವಿಲ್ಲ, ಸಾವಿನ ಭಯವಿಲ್ಲ. ಐದು ವೋಲ್ಟಿನ ಭಯ ಮಾತ್ರ ವಿಪರೀತ. ಬಾಹ್ಯಾಕಾಶ ಸಂಸ್ಥೆಯಲ್ಲಿ ಮೂವತ್ತೈದು ವರ್ಷ ತಂತಿ ಬೆಸೆದವರು, ನಿವೃತ್ತಿಯ ಮೇಲೆ ಓಬೀರಾಯನ ಕಾಲದ ಮನೆ ಕಂಪ್ಯೂಟರುಗಳಿಗೆ ಈಗಿನ ಕೀಬೋರ್ಡು ಹೊಂದಿಸಿಕೊಡುತ್ತಾರೆ. ಎರಡರ ನಡುವೆ ಬೆಂಕಿಪೊಟ್ಟಣದಷ್ಟು ಬೋರ್ಡು, ಒಂಬತ್ತು ತಂತಿ, ಅಷ್ಟೇ. ಅದರಲ್ಲಿ ಐದು ವೋಲ್ಟಿನ ತಂತಿ ಅದಲುಬದಲಾದರೆ ಯಂತ್ರದ ಕಥೆ ಮುಗಿಯಿತು.

ಹೋದ ವರ್ಷ ಹಾಗೇ ಆಯಿತು. ಸೂರತ್ತಿನ ಅಡಾಜಣ್‌ನಿಂದ ಮಹೇಶ್ ತಂದ ಯಂತ್ರಕ್ಕೆ ಕರೆಂಟು ಕೊಟ್ಟದ್ದೇ ಸುಟ್ಟ ವಾಸನೆ ಅಡರಿತು. ಅವಸರ ಮಾಡಿಸಿದ್ದು ನೀನೇ, ಆತುರಗಾರನಿಗೆ ಬುದ್ಧಿ ಮಟ್ಟ ಎಂದು ರಾಯರು ಅವನನ್ನೇ ಬೈದು ಕಳಿಸಿದರು. ಅಂದಿನಿಂದ ಸಂಸ್ಥೆಯ ಪದ್ಧತಿ ಮನೆಗೂ ಬಂತು: ಹೆಂಡತಿ ಶಾಂತಾ ಪಟ್ಟಿ ಓದಬೇಕು, ಇವರು ಆ ತಂತಿಗೆ ಕಡ್ಡಿ ತಾಗಿಸಿ, ನೋಡಿ, ‘ಹೌದು’ ಅನ್ನಬೇಕು.

ಈಗ ಮೇಜಿನ ಮೇಲಿರುವುದು ವಡೋದರಾದ ಗೋರ್ವಾದಿಂದ ಸುಮಿತ್ರಾ ತಂದ ಯಂತ್ರ. ಬ್ಯಾಂಕಿನಲ್ಲಿದ್ದ ಅವರ ಗಂಡ ನಂಜುಂಡ, ವರ್ಗವಾಗಿ ಬಂದ ಊರಲ್ಲಿ ಚುಕ್ಕೆ ಚುಕ್ಕೆ ಸೇರಿಸಿ ಕನ್ನಡ ಅಕ್ಷರ ಮಾಡಿ, ಈ ಯಂತ್ರದೊಳಗಿನ ಒಂದು ಮೆಮೊರಿ ಚಿಪ್ಪಿನಲ್ಲಿ ತುಂಬಿದ್ದರು. ಅವರು ತೀರಿಕೊಂಡು ಎರಡು ವರ್ಷ. ಚಿಪ್ಪಿಗೆ ನಕಲಿಲ್ಲ, ಕೀಳಲು ಹೋದರೆ ತುಕ್ಕು ಹಿಡಿದ ಅದರ ಕಾಲು ಮುರಿಯುತ್ತದೆ. ಅದು ಸುಟ್ಟರೆ ಆ ಅಕ್ಷರಗಳು ಮತ್ತೆ ಹುಟ್ಟುವುದಿಲ್ಲ. ಸುಮಿತ್ರಾ ಎದುರಿಗೇ ಕುಳಿತಿದ್ದಾರೆ. ರಾಯರು ಕಡ್ಡಿ ಹಿಡಿದು ಮೂರು ತಂತಿ ಮುಗಿಸಿದ್ದಾರೆ.

“ನಾಲ್ಕು. ಗ್ರೌಂಡು,” ಶಾಂತಾ ಓದಿದರು.

“ಹೌದು.”

“ಐದು. ಐದು ವೋಲ್ಟು.”

“ಹೌದು.”

ಶಾಂತಾ ಮುಂದೆ ಓದಲಿಲ್ಲ. “ಕಡ್ಡಿ ಇನ್ನೂ ನಾಲ್ಕರ ಮ್ಯಾಲೇ ಅದ ಅಲ್ರೀ?”

ರಾಯರು ಬಗ್ಗಿ ನೋಡಿದರು. ನಿಜ. ಕೈ ನಡುಗಿ ಕಡ್ಡಿ ಐದಕ್ಕೆ ಸರಿಯದೇ ಉಳಿದದ್ದು ಅವರಿಗೆ ಗೊತ್ತೇ ಆಗಿರಲಿಲ್ಲ; ಬಾಯಿ ಮಾತ್ರ ಅಭ್ಯಾಸಬಲದಿಂದ ಹೌದು ಅಂದಿತ್ತು. ಹಾಗಾದರೆ ಮಹೇಶನ ಯಂತ್ರ ಸುಟ್ಟದ್ದು ಅವಸರಕ್ಕಲ್ಲ, ಈ ಕೈಯಿಂದಲೇ.

ಕಡ್ಡಿಯನ್ನು ಹೆಂಡತಿಯ ಕೈಗಿಟ್ಟರು. “ನೀ ಮುಟ್ಟು. ನಾ ಓದ್ತೀನಿ.”

“ನನಗೆಲ್ಲಿ ಬರ್ತದ್ರೀ ಇದು?”

“ನಿನ್ನ ಕೈ ನಡುಗೂದಿಲ್ಲ.”

ಮೊದಲಿನಿಂದ ಶುರುಮಾಡಿದರು. ಐದಕ್ಕೆ ಬಂದಾಗ ಇಬ್ಬರೂ ನಿಂತರು. ಐದು, ಆರರ ತಂತಿಗಳು ಅದಲುಬದಲಾಗಿದ್ದವು. ಬೆಸೆದವರು ರಾಯರೇ. ಅವರು ಹೇಳುತ್ತ ಹೋದಂತೆ ಶಾಂತಾ ಬಿಚ್ಚಿ, ಮತ್ತೆ ಬೆಸೆದರು.

ಕರೆಂಟು ಕೊಟ್ಟಾಗ ರಾಯರು ಮೂಗರಳಿಸಿ ಕೂತರು. ವಾಸನೆ ಬರಲಿಲ್ಲ. ಸುಮಿತ್ರಾ ಒತ್ತಿದ ಕೀಲಿಗೆ ತೆರೆಯ ಮೇಲೆ ಸ್ವಲ್ಪ ವಾಲಿದ ಒಂದು ‘ಸ’ ಮೂಡಿತು. ಅವರು ಅತ್ತುಬಿಟ್ಟರು.

ರಾಯರಿಗೆ ಈಗ ಐದು ವೋಲ್ಟಿನ ಭಯವಿರಲಿಲ್ಲ, ತಮ್ಮ ಕೈಗಳದೇ ಭಯ. ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡು, “ಮಹೇಶಗ ಫೋನ್ ಹಚ್ಚಿ ಕೊಡು,” ಎಂದರು ಶಾಂತಾಗೆ.