ಅಬ್ಬಾ ಹೊಲಿದ ಹದಿನಾರು ಜೀವಕೋಶ

ನನಗೆ ಜಂಬ ಜಾಸ್ತಿ ಎಂದು ಸ್ಟಾಫ್ ರೂಮಿನಲ್ಲಿ ಮಾತಾಡಿಕೊಳ್ಳುತ್ತಾರೆ. ಸುಳ್ಳೇನಲ್ಲ. ಭ್ರೂಣದ ಪಾಠ ಬಂದಾಗಲೆಲ್ಲ ನಾನು ಬೀರುವಿನಿಂದ ಒಂದು ಬಟ್ಟೆಯ ಚೆಂಡು ತೆಗೆದು ಮೇಜಿನ ಮೇಲಿಟ್ಟು, "ಇದನ್ನು ಹೊಲಿದವರು ನಮ್ಮಪ್ಪ" ಎಂದೇ ಶುರು ಮಾಡುವುದು.

ಅಬ್ಬಾ ತಿಪಟೂರಿನ ಕೊಬ್ಬರಿ ಮಂಡಿಯ ಹಿಂದಿನ ಬೀದಿಯಲ್ಲಿ ಟೈಲರ್. ಮಂಡಿಯವರ ಬಿಳಿ ಜುಬ್ಬ, ಶಾಲೆ ಮಕ್ಕಳ ಯೂನಿಫಾರಂ ಹೊಲಿಯುತ್ತಿದ್ದರು. ಓದಿದ್ದು ನಾಲ್ಕನೇ ಕ್ಲಾಸು. ಎರಡು ಸಾವಿರದ ದಶಕ ಮುಗಿಯುವ ಹೊತ್ತಿಗೆ ನಾನು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ಎಂ.ಎಸ್ಸಿ.ಗೆ ಮೈಸೂರಿಗೆ ಹೋಗುತ್ತೇನೆಂದು ಹಟ ಹಿಡಿದಾಗ ಅಬ್ಬಾ ಮಿಷನ್ ನಿಲ್ಲಿಸದೆಯೇ ಉತ್ತರ ಕೊಟ್ಟರು. ಮನೆಯಲ್ಲಿ ನಮ್ಮ ಮಾತು ಉರ್ದು, ಅಂಗಡಿಯಲ್ಲಿ ಕನ್ನಡ.

"ನೀನು ಓದೋದು ಏನು ಅಂತ ಯಾರಾದ್ರೂ ಕೇಳಿದ್ರೆ ನಂಗೆ ಹೇಳಕ್ಕೆ ಬರಲ್ಲ ಕಣಮ್ಮ. ಹೇಳಕ್ಕೆ ಬರದೇ ಇರೋದಕ್ಕೆ ಮಗಳನ್ನ ಹೆಂಗೆ ಕಳಿಸ್ಲಿ? ನಂಗೆ ಅರ್ಥ ಮಾಡ್ಸು, ಕಳಿಸ್ತೀನಿ."

ಕಾಲೇಜಿನಲ್ಲಿ ಅದೇ ತಿಂಗಳು ವಿಜ್ಞಾನ ಪ್ರದರ್ಶನವಿತ್ತು. ನಾನು ಆರಿಸಿಕೊಂಡದ್ದು ಸೀ ಅರ್ಚಿನ್, ಕಡಲ ತಳದಲ್ಲಿರುವ ಮುಳ್ಳುಚೆಂಡಿನಂಥ ಪ್ರಾಣಿ. ಅಬ್ಬಾ ಆಗಲಿ ನಾನಾಗಲಿ ಅದುವರೆಗೆ ಸಮುದ್ರವನ್ನೇ ನೋಡಿರಲಿಲ್ಲ. ಆ ಪ್ರಾಣಿಯ ಮೊಟ್ಟೆ ಒಡೆದೊಡೆದು ಹದಿನಾರು ಜೀವಕೋಶಗಳಾಗುತ್ತದೆ: ಮೇಲೆ ಎಂಟು ಮಧ್ಯಮ, ಕೆಳಗೆ ನಾಲ್ಕು ದಪ್ಪ, ತೀರಾ ತಳದಲ್ಲಿ ನಾಲ್ಕು ಪುಟ್ಟವು. ಆ ಪುಟ್ಟ ನಾಲ್ಕೇ ಮರಿಯ ಮೂಳೆ ಕಟ್ಟುವುದು. ಇದನ್ನೇ ಬಟ್ಟೆಯಲ್ಲಿ ಹೊಲಿದುಕೊಡಿ ಎಂದೆ. ಪುಟ್ಟವನ್ನು ಬಿಚ್ಚಿ ತೋರಿಸಲು ಪ್ರೆಸ್ ಬಟನ್ ಇರಲಿ ಎಂದೂ ಹೇಳಿದೆ.

ಅಬ್ಬಾ ಹೊಲಿದರು. ಜುಬ್ಬದ ಬಿಳಿ ಎಂಟು, ಖಾಕಿ ನಾಲ್ಕು, ಯೂನಿಫಾರಂ ಕೆಂಪು ನಾಲ್ಕು. ಹದಿನಾರೂ ಒಂದೇ ಅಳತೆ!

"ನಾಲ್ಕು ಸಣ್ಣ ಮಾಡಿದ್ರೆ ಬಟ್ಟೆ ಸಾಲಲಿಲ್ಲ ಅಂತಾರೆ ಜನ," ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. "ಗಿರಾಕಿ ನಾನು. ಅಳತೆ ಹೇಳೋಳೂ ನಾನೇ."

ಮಾರನೆಯ ದಿನ ಖಾಕಿಯವು ದಪ್ಪಗಾಗಿದ್ದವು, ಕೆಂಪಿನವು ಸಣ್ಣಗಾಗಿದ್ದವು. ಆದರೆ ಕೆಂಪಿನವು ಕೈಗೆ ಗಟ್ಟಿಯಾಗಿ ಸಿಕ್ಕವು. ಇದೇನು ಎಂದರೆ, ಬಟ್ಟೆ ಕತ್ತರಿಸಿರಲಿಲ್ಲ; ಮೊದಲಿನ ಅಷ್ಟೂ ಬಟ್ಟೆಯನ್ನು ಒಳಗೆ ಮಡಚಿದ್ದರು. "ಬೆಳೆಯೋ ಮಕ್ಕಳ ಲಂಗಕ್ಕೆ ಒಳಗೆ ಬಟ್ಟೆ ಬಿಡಲ್ವಾ, ಹಂಗೆ. ಕತ್ತರಿಸಿ ಬಿಸಾಕಿದ್ರೆ ಆಮೇಲೆ ಎಲ್ಲಿಂದ ತರೋದು?"

ಜಗಳಕ್ಕೆಂದು ಬಾಯಿ ತೆರೆದವಳು ಹಾಗೇ ಸ್ಟೂಲಿನ ಮೇಲೆ ಕೂತೆ. ಜೀವಕೋಶ ಮಾಡುವುದೂ ಅದನ್ನೇ ಅಲ್ಲವೇ? ಎಷ್ಟೇ ಪುಟ್ಟದಾದರೂ ಅದಕ್ಕೆ ಜೀನುಗಳ ಪೂರ್ತಿ ಪಾಲು ಸಿಕ್ಕಿರುತ್ತದೆ. ಯಾವುದನ್ನು ಬಿಚ್ಚಬೇಕು, ಯಾವುದನ್ನು ಮಡಚಿಡಬೇಕು ಎನ್ನುವುದರಲ್ಲಷ್ಟೇ ವ್ಯತ್ಯಾಸ. ಅಂದು ಗುಂಡಿ ಹಚ್ಚುತ್ತಲೇ ಅಬ್ಬಾ ಮುಂದಿನದನ್ನೂ ಕೇಳಿಸಿಕೊಂಡರು. ಮೂಳೆ ಕಟ್ಟುವ ಜೀನುಗಳು ಎಲ್ಲ ಕಡೆಯೂ ಇವೆ, ಆದರೆ ಇನ್ನೊಂದು ಜೀನು ಅವುಗಳ ಬಾಯಿ ಮುಚ್ಚಿಸಿರುತ್ತದೆ. ಪುಟ್ಟ ನಾಲ್ಕರಲ್ಲಿ ಮಾತ್ರ ಮೂರನೆಯದೊಂದು ಎದ್ದು, ಬಾಯಿ ಮುಚ್ಚಿಸುವುದರ ಬಾಯನ್ನೇ ಮುಚ್ಚಿಸುತ್ತದೆ. ಕೆಳಗಿನ ದಪ್ಪ ನಾಲ್ಕು ಹೇಗೂ ಕರುಳು ಕಟ್ಟುತ್ತವೆ, ಪುಟ್ಟವು ಎಲ್ಲೇ ಇದ್ದರೂ ಪಕ್ಕದವುಗಳಿಂದಲೂ ಕರುಳು ಕಟ್ಟಿಸುತ್ತವೆ ಎಂದೂ ಹೇಳಿದೆ; ಅಬ್ಬಾ ಇನ್ನೊಂದು ಗುಂಡಿಗೆ ದಾರ ಪೋಣಿಸಿದರು.

ಪ್ರದರ್ಶನಕ್ಕೆ ತೀರ್ಪುಗಾರರಾಗಿ ಬಂದವರು ಹೊರಗಿನ ಊರಿನ ವಯಸ್ಸಾದ ಪ್ರೊಫೆಸರ್. ಚೆಂಡನ್ನು ತಿರುಗಿಸಿ ನೋಡಿ, "ಹೊಲಿಸ್ಕೊಂಡು ಬಂದಿದೀಯ. ನಿನಗೆ ಅರ್ಥ ಆಗಿದೆಯಾ?" ಎಂದರು.

"ನನಗೂ ಆಗಿದೆ ಸರ್, ಹೊಲಿದವರಿಗೂ ಆಗಿದೆ. ಅವರನ್ನೇ ಕೇಳಿ."

ಅಂದುಬಿಟ್ಟ ಮೇಲೆ ಬಾಗಿಲ ಕಡೆ ನೋಡಿದೆ. ಅಂಗಡಿಗೆ ಬಾಗಿಲು ಹಾಕಿ ಬಂದಿದ್ದ ಅಬ್ಬಾ ಕೊರಳಲ್ಲಿ ಟೇಪು ಹಾಕಿಕೊಂಡೇ ಬಾಗಿಲ ಬಳಿ ನಿಂತಿದ್ದರು. ಅವರು ತಡವರಿಸಿದರೆ ನನ್ನ ಮೈಸೂರೂ ಹೋಯಿತು, ಅಷ್ಟು ಜನರೆದುರು ಅವರ ಮಾನವೂ ಹೋಯಿತು.

"ಈ ಸಣ್ಣವು ಮಾತ್ರ ಮೂಳೆ ಆಗೋದು ಯಾಕೆ ಯಜಮಾನ್ರೇ?"

ಅಬ್ಬಾ ಕೆಂಪು ತುಂಡೊಂದನ್ನು ಬಿಚ್ಚಿ ಒಳಮಡಿಕೆ ತೋರಿಸಿದರು. "ಎಲ್ಲಾದ್ರಲ್ಲೂ ಬಟ್ಟೆ ಪೂರ್ತಿ ಐತೆ ಸಾರ್. ಬಿಚ್ಚೋಕೆ ಬಿಡಲ್ಲ ಅಷ್ಟೇ. ನಮ್ಮನೇಲಿ ನಾನು ಬಾಯಿ ಬಿಟ್ರೆ ನಮ್ಮ ಮನೆಯೋಳು ಸುಮ್ನಿರಿಸ್ತಾಳೆ. ನಮ್ಮಮ್ಮ ಬಂದ್ರೆ ಅವಳನ್ನ ಸುಮ್ನಿರಿಸ್ತಾಳೆ. ಆಗ ನನ್ನ ಮಾತು ಶುರು. ಇವು ನಾಲ್ಕರೊಳಗೆ ನಮ್ಮಮ್ಮ ಬಂದವ್ಳೆ."

ಸುತ್ತ ನಿಂತವರೆಲ್ಲ ನಕ್ಕರು. ಪ್ರೊಫೆಸರ್ ನಗಲಿಲ್ಲ. ನಾಲ್ಕೂ ಕೆಂಪು ತುಂಡುಗಳನ್ನು ಕಿತ್ತು ಬಿಳಿಯವುಗಳ ನೆತ್ತಿಯ ಮೇಲಿಟ್ಟು, "ಈಗ?" ಎಂದರು. ಅಬ್ಬಾ ನನ್ನ ಕಡೆ ನೋಡಿದರು. ನಾನು ತುಟಿ ಬಿಗಿಹಿಡಿದು ನಿಂತೆ.

"ಎಲ್ಲಿಟ್ರೂ ಇವು ಮೂಳೇನೇ ಸಾರ್. ಆದ್ರೆ ಪಕ್ಕದೋರಿಗೆ ಕರುಳು ಕಟ್ಟಿ ಅಂತ ಹೇಳ್ತವೆ. ಕೆಳಗಿಂದು ಒಂದು, ಮೇಲಿಂದು ಒಂದು. ಎರಡು ಕರುಳು ಆಯ್ತವೆ."

ಪ್ರೊಫೆಸರ್ ಅಬ್ಬಾನ ಕೈ ಕುಲುಕಿದರು. ಬಹುಮಾನ ಹೊಗೆಯುಗುಳುವ ಜ್ವಾಲಾಮುಖಿಗೆ ಹೋಯಿತು, ಹೋಗಲಿ. ಅಷ್ಟು ಹೆಮ್ಮೆ ನನಗೆ ಮತ್ತೆಂದೂ, ನನ್ನ ಡಿಗ್ರಿಗಳು ಬಂದಾಗಲೂ, ಆಗಿಲ್ಲ.

ಅಬ್ಬಾ ನನ್ನನ್ನು ನೇರ ಅಂಗಡಿಗೆ ಕರೆದುಕೊಂಡು ಬಂದರು. ಬಾಗಿಲು ತೆಗೆದವರೇ ಕೊರಳಿನ ಟೇಪು ಎಳೆದು, "ನೆಟ್ಟಗೆ ನಿಂತ್ಕೋ. ಮೈಸೂರಿಗೆ ಎರಡು ಜೊತೆ ಹೊಸದು ಬೇಕಲ್ಲ," ಎಂದರು. ಅಳತೆ ಬರೆದುಕೊಂಡು, ಬಟ್ಟೆ ಹಾಸಿ, ಗುರುತಿನ ಗೆರೆಯಿಂದ ನಾಲ್ಕು ಬೆರಳು ಆಚೆ ಕತ್ತರಿ ಇಟ್ಟರು.

"ಅಬ್ಬಾ, ನಾನೇನು ಇನ್ನೂ ಬೆಳೀತೀನಾ?"

"ಬೆಳೀತೀಯ ಕಣಮ್ಮ," ಎಂದು ಕತ್ತರಿ ಆಡಿಸಿದರು.